‘ಸ್ಲೋ’ ಅಂದರೆ ಸಾಲದು, ರೀಡಿಂಗ್ ಹೇಳಿ

ಹಾಸ್ಟೆಲ್ ಕಾರಿಡಾರ್‌ನಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುವ ಮಾತು ಒಂದಿದೆ: “ಮಗಾ, ನನ್ ಲ್ಯಾಪ್‌ಟಾಪ್ ಫುಲ್ ಸ್ಲೋ ಆಗ್ಬಿಟ್ಟಿದೆ.” ಅದಕ್ಕೆ ಸಿಗುವ ಉತ್ತರಗಳೂ ಹೆಚ್ಚುಕಮ್ಮಿ ನಾಲ್ಕೇ. ರೀಸ್ಟಾರ್ಟ್ ಮಾಡು. ಫಾರ್ಮ್ಯಾಟ್ ಹೊಡಿ. ರ್ಯಾಮ್ ಹಾಕ್ಸು. ಹೊಸದು ತಗೋ. ಮೊದಲನೆಯದಕ್ಕೆ ಎರಡು ನಿಮಿಷ ಸಾಕು, ಕೊನೆಯದಕ್ಕೆ ಅಪ್ಪನ ಹತ್ತಿರ ಅರವತ್ತು ಸಾವಿರ ಕೇಳಬೇಕು. ಈ ನಾಲ್ಕು ಸಲಹೆ ಕೊಡುವವರಲ್ಲಿ ಒಬ್ಬರಾದರೂ “ಸ್ಲೋ ಆಗಿರೋದು ಯಾವುದು?” ಅಂತ ಕೇಳೋದು ಮಾತ್ರ ಬಹಳ ಅಪರೂಪ.

ಪ್ರೊಸೆಸರ್ರಾ, ರ್ಯಾಮಾ, ಡಿಸ್ಕಾ, ನೆಟ್ಟಾ, ಚಾರ್ಜರ್ರಾ? ಈ ಪ್ರಶ್ನೆಗೆ ಉತ್ತರ ನಮ್ಮ ಕೈಯಲ್ಲೇ ಇದೆ, ಪುಕ್ಕಟೆಯಾಗಿ ಇದೆ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಟರ್ಮಿನಲ್‌ಗೆ ಹೋಗಿ ಟಾಪ್ ಅಂತ ಟೈಪ್ ಮಾಡಿದರೆ ಸಾಕು. ಆದರೂ ನಮ್ಮಲ್ಲಿ ಬಹಳ ಜನ ಟಾಸ್ಕ್ ಮ್ಯಾನೇಜರ್ ತೆಗೆಯೋದು ಹ್ಯಾಂಗ್ ಆದ ಕ್ರೋಮನ್ನು ಕೊಲ್ಲೋದಕ್ಕೆ ಮಾತ್ರ.

ನಾವು ಇಲ್ಲಿ ಹೇಳಹೊರಟಿರೋದು ಇಷ್ಟೇ. ಯಾವ ಬ್ರಾಂಚ್‌ನವರೇ ಆಗಲಿ, ತಮ್ಮ ಮಷಿನ್‌ನ ರೀಡಿಂಗ್ ಓದೋದನ್ನ ಮೊದಲ ಸೆಮಿಸ್ಟರ್‌ನಲ್ಲೇ ಕಲಿಯಬೇಕು. ಕಾಲೇಜು ಅದನ್ನ ಕಲಿಸಬೇಕು. ಕಲಿಸದಿದ್ದರೆ ಸೀನಿಯರ್‌ಗಳಾದ ನಾವೇ ಕಲಿಸಬೇಕು. ಇದು ಕಂಪ್ಯೂಟರ್ ಸೈನ್ಸ್‌ನವರ ಖಯಾಲಿ ಅಲ್ಲ, ಗೇಮಿಂಗ್ ಹುಚ್ಚು ಇರೋರ ಶೋಕಿಯೂ ಅಲ್ಲ. ಇದು ದುಡ್ಡಿನ ಪ್ರಶ್ನೆ, ಮಾತಿನ ತೂಕದ ಪ್ರಶ್ನೆ, ಕೊನೆಗೆ ಎಂಜಿನಿಯರ್ ಅಂದರೆ ಯಾರು ಅನ್ನೋ ಪ್ರಶ್ನೆ.

ಪೇಪರ್ ಮೇಲಿನ ಶೆಡ್ಯೂಲರ್

ಮೂರನೇ ಸೆಮಿಸ್ಟರ್‌ನಲ್ಲಿ ಆಪರೇಟಿಂಗ್ ಸಿಸ್ಟಮ್ಸ್ ಓದ್ತೀವಿ. ರೌಂಡ್ ರಾಬಿನ್‌ಗೆ ಗ್ಯಾಂಟ್ ಚಾರ್ಟ್ ಬರೀತೀವಿ, ಸರಾಸರಿ ವೇಟಿಂಗ್ ಟೈಮ್ ಲೆಕ್ಕ ಹಾಕ್ತೀವಿ, ಪೇಜ್ ಫಾಲ್ಟ್ ಎಷ್ಟು ಅಂತ ಎಣಿಸ್ತೀವಿ. ಪಿ1, ಪಿ2, ಪಿ3 ಅಂತ ಮೂರು ಪ್ರೊಸೆಸ್‌ಗಳು. ಹತ್ತು ಮಾರ್ಕ್ಸ್. ಅದೇ ಹೊತ್ತಿಗೆ ನಮ್ಮ ಅಂಗೈ ಕೆಳಗೆ ನಿಜವಾದ ಶೆಡ್ಯೂಲರ್ ಒಂದು ನೂರಾರು ಪ್ರೊಸೆಸ್‌ಗಳನ್ನ ಸೆಕೆಂಡಿಗೆ ಸಾವಿರಾರು ಸಲ ಅದಲು ಬದಲು ಮಾಡ್ತಾ ಇರುತ್ತದೆ. ಅದನ್ನ ಒಂದು ಸಲವೂ ಇಣುಕಿ ನೋಡದೆ ಎಕ್ಸಾಮ್ ಬರೆದು ಪಾಸಾಗಬಹುದು. ಈಜು ಕಲಿಯೋಕೆ ಹೋದವರಿಗೆ ಬೋರ್ಡ್ ಮೇಲೆ ಕೆರೆಯ ಚಿತ್ರ ಬರೆಸಿ ಮನೆಗೆ ಕಳಿಸಿದ ಹಾಗೆ ಇದು.

ಹಾಗಾದರೆ ಈ ಟೂಲ್‌ಗಳು ಒಳಗೆ ಮಾಡೋದೇನು? ಅದರಲ್ಲಿ ಮಾಟಮಂತ್ರ ಏನೂ ಇಲ್ಲ. ಮನೆಗೆ ಕರೆಂಟ್ ಮೀಟರ್ ನೋಡೋಕೆ ಬರ್ತಾರಲ್ಲ, ಅದೇ ಕೆಲಸ. ಮೀಟರ್ ತಾನಾಗಿ ಓಡ್ತಾ ಇರುತ್ತದೆ. ಬಂದವರು ಹಿಂದಿನ ರೀಡಿಂಗ್, ಈಗಿನ ರೀಡಿಂಗ್ ಎರಡನ್ನೂ ನೋಡಿ, ಕಳೆದು, ಬಿಲ್ ಕೊಡ್ತಾರೆ. ಪ್ರೊಸೆಸರ್ ಎಷ್ಟು ಹೊತ್ತು ಕೆಲಸ ಮಾಡಿತು, ಎಷ್ಟು ಹೊತ್ತು ಸುಮ್ಮನಿತ್ತು ಅನ್ನೋದಕ್ಕೆ ಕರ್ನಲ್ ಹತ್ತಿರ ಕೌಂಟರ್‌ಗಳಿವೆ. ಲಿನಕ್ಸ್‌ನಲ್ಲಿ ಅವು ಪ್ರಾಕ್ ಅನ್ನೋ ಡೈರೆಕ್ಟರಿಯ ಒಳಗೆ ಸ್ಟ್ಯಾಟ್ ಅನ್ನೋ ಫೈಲ್ ಆಗಿ ಕಾಣುತ್ತವೆ, ಯಾರು ಬೇಕಾದರೂ ತೆರೆದು ಓದಬಹುದು. ಟಾಪ್ ಕಮಾಂಡ್ ಕೆಲವು ಸೆಕೆಂಡಿಗೊಮ್ಮೆ ಆ ಕೌಂಟರ್ ಓದಿ, ಹಿಂದಿನದರಿಂದ ಕಳೆದು, ಶೇಕಡಾ ಲೆಕ್ಕದಲ್ಲಿ ನಮಗೆ ತೋರಿಸುತ್ತದೆ. ಇಪ್ಪತ್ತು ಸಾಲಿನ ಸಿ ಪ್ರೋಗ್ರಾಂನಲ್ಲಿ ಇದನ್ನ ನಾವೇ ಬರೀಬಹುದು.

ಬಿಸಿಯ ಕಥೆಯೂ ಅಷ್ಟೇ. ಪ್ರೊಸೆಸರ್ ಚಿಪ್ ಒಳಗೇ ಸೆನ್ಸರ್‌ಗಳು ಕೂತಿವೆ. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಆ ಸೆನ್ಸರ್ ಹೇಳೋದು ‘ಗರಿಷ್ಠ ಮಿತಿಗಿಂತ ಇನ್ನೂ ಎಷ್ಟು ಡಿಗ್ರಿ ಕೆಳಗಿದ್ದೇನೆ’ ಅನ್ನೋದನ್ನ. ಟೂಲ್ ಅದನ್ನ ಮಿತಿಯಿಂದ ಕಳೆದು ನಮಗೆ ಡಿಗ್ರಿ ಲೆಕ್ಕ ಕೊಡುತ್ತದೆ. ಲಿನಕ್ಸ್‌ನ ಥರ್ಮಲ್ ಫೈಲ್‌ನಲ್ಲಿ 45000 ಅಂತ ಕಂಡರೆ ಗಾಬರಿ ಬೇಡ, ಅದು ಮಿಲಿಡಿಗ್ರಿ. ಅಂದರೆ 45 ಡಿಗ್ರಿ.

ಟಾಸ್ಕ್ ಮ್ಯಾನೇಜರ್ ಬಂದದ್ದು 1996ರ ವಿಂಡೋಸ್ ಎನ್‌ಟಿ 4.0 ಜೊತೆಗೆ. ಅದನ್ನ ಬರೆದ ಡೇವ್ ಪ್ಲಮ್ಮರ್ ಮೈಕ್ರೋಸಾಫ್ಟ್‌ನಲ್ಲಿ ಎಂಜಿನಿಯರ್ ಆಗಿದ್ದವರು, ಮನೆಯಲ್ಲಿ ತಮ್ಮ ಬಿಡುವಿನಲ್ಲಿ ಅದನ್ನ ಶುರು ಮಾಡಿದರು. ನಾವು ಲಿನಕ್ಸ್‌ನಲ್ಲಿ ಬಳಸುವ ಬಣ್ಣಬಣ್ಣದ ಎಚ್‌ಟಾಪ್ ಅನ್ನು ಬ್ರೆಜಿಲ್‌ನ ಹಿಶಾಮ್ ಮುಹಮ್ಮದ್ 2004ರಲ್ಲಿ ಹೊರತಂದರು. ಎರಡೂ ಯಾರೋ ಒಬ್ಬರು ತಮ್ಮ ಮಷಿನ್ ಒಳಗೆ ಏನಾಗ್ತಿದೆ ಅಂತ ನೋಡಬೇಕು ಅಂದುಕೊಂಡಿದ್ದರಿಂದ ಹುಟ್ಟಿದವು. ಆ ಕುತೂಹಲ ನಮಗೂ ಇರಬೇಕಲ್ಲವಾ?

ಊಹೆಯ ಬೆಲೆ

ಈಗ ದುಡ್ಡಿನ ವಿಷಯಕ್ಕೆ ಬರೋಣ. ನಮ್ಮ ಬಹಳ ಮನೆಗಳಲ್ಲಿ ಬೈಕ್ ಬಿಟ್ಟರೆ ಅತಿ ದುಬಾರಿ ವಸ್ತು ಅಂದರೆ ಮಗ ಅಥವಾ ಮಗಳ ಲ್ಯಾಪ್‌ಟಾಪ್. ನಮ್ಮ ಕ್ಲಾಸಿನ ಗೆಳೆಯನೊಬ್ಬನ ಲ್ಯಾಪ್‌ಟಾಪ್ ಅವನ ಅಮ್ಮ ಮಹಿಳಾ ಸಂಘದಲ್ಲಿ ಸಾಲ ತೆಗೆದು ಕೊಡಿಸಿದ್ದು. ಹೋದ ಸೆಮಿಸ್ಟರ್ ಅದು ಆನ್ ಆದ ಐದು ನಿಮಿಷಕ್ಕೆ ತೆವಳೋಕೆ ಶುರು ಮಾಡಿತು. ಅಂಗಡಿಯೊಂದಕ್ಕೆ ಕೊಂಡುಹೋದರೆ “ಮದರ್‌ಬೋರ್ಡ್ ಹೋಗಿದೆ, ಹನ್ನೆರಡು ಸಾವಿರ ಆಗುತ್ತೆ” ಅಂದರು. ಇವನು ಊರಿಗೆ ಫೋನ್ ಮಾಡಿದ, ಅಮ್ಮ “ನೋಡ್ತೀನಿ ಕಣೋ, ಹದಿನೈದು ದಿನ ಟೈಮ್ ಕೊಡು” ಅಂದರು.

ಆ ಹದಿನೈದು ದಿನದೊಳಗೆ ಸೀನಿಯರ್ ಒಬ್ಬರು ಅದರಲ್ಲಿ ಎಚ್‌ಡಬ್ಲ್ಯೂಇನ್ಫೋ ಹಾಕಿ ನೋಡಿದರು. ಎರಡೇ ನಿಮಿಷಕ್ಕೆ ಪ್ರೊಸೆಸರ್ ಬಿಸಿ ಮಿತಿ ಮುಟ್ಟಿತು, ಥರ್ಮಲ್ ಥ್ರಾಟ್ಲಿಂಗ್ ಅನ್ನೋ ಸಾಲಿನ ಮುಂದೆ ‘ಯೆಸ್’ ಅಂತ ಬಂತು, ಕ್ಲಾಕ್ ಒಂದು ಗಿಗಾಹರ್ಟ್ಸ್‌ಗಿಂತ ಕೆಳಗಿಳಿಯಿತು. ಫ್ಯಾನ್ ಸ್ಪೀಡ್ ಸಾಲಿನಲ್ಲಿ ಇದ್ದದ್ದು ಸೊನ್ನೆ. ಫ್ಯಾನ್ ಸತ್ತಿತ್ತು, ಅಷ್ಟೇ. ಹೊಸ ಫ್ಯಾನ್ ಹಾಕಿಸೋಕೆ ಆದ ಖರ್ಚು ಮೊದಲು ಹೇಳಿದ್ದರ ಹತ್ತನೇ ಒಂದು ಭಾಗದ ಆಸುಪಾಸು. ಅಂಗಡಿಯವರು ಮೋಸ ಮಾಡಿದರು ಅಂತ ನಾವು ಹೇಳ್ತಿಲ್ಲ. ಅವರೂ ನಮ್ಮ ಹಾಗೇ ಊಹೆ ಮಾಡಿದರು. ವ್ಯತ್ಯಾಸ ಇಷ್ಟೇ, ಅವರ ಊಹೆಗೆ ದುಡ್ಡು ಕೊಡಬೇಕಾದದ್ದು ಒಬ್ಬ ತಾಯಿ.

ಅಲ್ಲಿ ನಡೆದದ್ದು ಏನು ಅಂತ ಅರ್ಥ ಮಾಡಿಕೊಳ್ಳೋದು ಕಷ್ಟ ಅಲ್ಲ. ಪ್ರತಿ ಪ್ರೊಸೆಸರ್‌ಗೂ ತಾಪಮಾನದ ಒಂದು ಮಿತಿ ಇದೆ, ಇಂಟೆಲ್‌ನ ಅನೇಕ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಲ್ಲಿ ಅದು 100 ಡಿಗ್ರಿ. ಅದು ಹತ್ತಿರ ಬಂದರೆ ಚಿಪ್ ತನ್ನನ್ನ ತಾನೇ ಉಳಿಸಿಕೊಳ್ಳೋಕೆ ವೇಗ ಇಳಿಸುತ್ತದೆ. ಫಾರ್ಮ್ಯಾಟ್ ಹೊಡೆದರೂ ಅದು ಸರಿಹೋಗಲ್ಲ, ರ್ಯಾಮ್ ಹಾಕಿಸಿದರೂ ಇಲ್ಲ. ಹಾಸಿಗೆ ಮೇಲೆ, ದಿಂಬಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಅಡಿಯ ಗಾಳಿಕಿಂಡಿ ಮುಚ್ಚಿದರೂ ಇದೇ ಕಥೆ. ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿ ಕಡೆ ಹೊರಗೇ 40 ಡಿಗ್ರಿ ದಾಟಿರುವಾಗ, ಮಡಿಕೇರಿಯಲ್ಲಿ ಚೆನ್ನಾಗಿ ಓಡ್ತಿದ್ದ ಮಷಿನ್ ಅಲ್ಲಿ ಏದುಸಿರು ಬಿಟ್ಟರೆ ಅದು ಮಷಿನ್ ತಪ್ಪಲ್ಲ. ಫ್ಯಾನ್ ಒಳಗೆಳೆಯೋದು ಆ ಬಿಸಿಗಾಳಿಯನ್ನೇ ತಾನೇ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗಂತೂ ಈ ಟೂಲ್‌ಗಳು ಬೇಕೇ ಬೇಕು. ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋಗಿ ಹಳೇ ಲ್ಯಾಪ್‌ಟಾಪ್ ನೋಡುವಾಗ ಮೇಲಿನ ಗೀರು, ಕೀಲಿ ಸಡಿಲ ಇದ್ಯಾ ಅಂತ ಮಾತ್ರ ನೋಡಬೇಡಿ. ಕಮಾಂಡ್ ಪ್ರಾಂಪ್ಟ್ ತೆಗೆದು ‘ಪವರ್‌ಸಿಎಫ್‌ಜಿ’ಯ ಬ್ಯಾಟರಿ ರಿಪೋರ್ಟ್ ಕಮಾಂಡ್ ಕೊಡಿ. ವಿಂಡೋಸ್ ತಾನೇ ಒಂದು ರಿಪೋರ್ಟ್ ಬರೆದು ಕೊಡುತ್ತದೆ. ಅದರಲ್ಲಿ ಎರಡು ಅಂಕಿ ಮುಖ್ಯ: ಬ್ಯಾಟರಿ ಹುಟ್ಟುವಾಗಿನ ಸಾಮರ್ಥ್ಯ, ಈಗ ಪೂರ್ತಿ ಚಾರ್ಜ್ ಆದಾಗಿನ ಸಾಮರ್ಥ್ಯ. 50000 ಇದ್ದದ್ದು 24000ಕ್ಕೆ ಇಳಿದಿದ್ದರೆ ಅರ್ಧ ಬ್ಯಾಟರಿ ಆಗಲೇ ಖಾಲಿ ಅಂತ ಅರ್ಥ. ಆಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆಗೆದು ಡಿಸ್ಕ್ ಒಟ್ಟು ಎಷ್ಟು ಗಂಟೆ ಓಡಿದೆ ನೋಡಿ. “ಆರೇ ತಿಂಗಳು ಬಳಸಿದ್ದು ಸಾರ್” ಅಂದ ಮಷಿನ್‌ನ ಡಿಸ್ಕ್ 20,000 ಗಂಟೆ ತೋರಿಸಿದರೆ ಲೆಕ್ಕ ನೀವೇ ಹಾಕಿ. ಆರು ತಿಂಗಳಿಗೆ ಒಟ್ಟು 4,400 ಗಂಟೆ ಚಿಲ್ಲರೆ, ಅದೂ ಒಂದು ಕ್ಷಣ ಆಫ್ ಮಾಡದಿದ್ದರೆ.

ಒಂದು ಅಗುಳು ಸಾಲದು

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತು ಹೇಳಲೇಬೇಕು. ಅಂಕಿ ನೋಡೋದು ಬೇರೆ, ಅಂಕಿ ಓದೋದು ಬೇರೆ. ಅನ್ನ ಬೆಂದಿದೆಯಾ ಅಂತ ತಿಳಿಯೋಕೆ ಒಂದು ಅಗುಳು ಹಿಸುಕಿದರೆ ಸಾಕು. ಕಂಪ್ಯೂಟರ್ ವಿಷಯದಲ್ಲಿ ಆ ಗಾದೆ ಕೈ ಕೊಡುತ್ತದೆ. ಟಾಸ್ಕ್ ಮ್ಯಾನೇಜರ್ ತೆಗೆದ ಕ್ಷಣಕ್ಕೆ ಏನು ಕಂಡಿತೋ ಅದೇ ಸತ್ಯ ಅಂದುಕೊಂಡರೆ ಕೆಟ್ಟೆವು.

ಪ್ರೊಸೆಸರ್ 100 ಪರ್ಸೆಂಟ್ ಅಂತ ಕಂಡ ತಕ್ಷಣ ನಾವು ಹೌಹಾರ್ತೀವಿ. ಎತ್ತು ಗಾಡಿ ಎಳೆಯುವಾಗ ಬೆವರಿದರೆ ಅದು ರೋಗವಲ್ಲ. ಕೊಟ್ಟಿಗೆಯಲ್ಲಿ ಸುಮ್ಮನೆ ನಿಂತಾಗ ಬೆವರಿದರೆ ಡಾಕ್ಟರನ್ನ ಕರೀಬೇಕು. ಕೋಡ್ ಕಂಪೈಲ್ ಆಗುವಾಗ, ವಿಡಿಯೋ ರೆಂಡರ್ ಆಗುವಾಗ 100 ಬರಬೇಕು, ಅದಕ್ಕೇ ದುಡ್ಡು ಕೊಟ್ಟಿರೋದು. ಏನೂ ತೆರೆಯದೆ ಇರುವಾಗ ಐದು ನಿಮಿಷ 70 ನಿಂತಿದ್ದರೆ ಆಗ ಹುಡುಕಬೇಕು.

ಇದಕ್ಕೆ ಉಲ್ಟಾ ಕೇಸೂ ಇದೆ. ಪೈಥಾನ್ ಪ್ರೋಗ್ರಾಂ ಅರ್ಧ ಗಂಟೆಯಿಂದ ಓಡ್ತಿದೆ, ಪ್ರೊಸೆಸರ್ ಬರೀ 12 ಪರ್ಸೆಂಟ್ ತೋರಿಸ್ತಿದೆ. “ನೋಡು, ಪ್ರೊಸೆಸರ್ ಖಾಲಿ ಕೂತಿದೆ” ಅಂತೀವಿ. ಖಾಲಿ ಕೂತಿಲ್ಲ. ಎಂಟು ಲಾಜಿಕಲ್ ಪ್ರೊಸೆಸರ್ ಇರುವ ಮಷಿನ್‌ನಲ್ಲಿ ಒಂದು ಪೂರ್ತಿ ದುಡಿದರೆ ಒಟ್ಟು ಲೆಕ್ಕಕ್ಕೆ ಅದು 12.5 ಪರ್ಸೆಂಟ್. ನಮ್ಮ ಪ್ರೋಗ್ರಾಂ ಒಂದೇ ಥ್ರೆಡ್‌ನಲ್ಲಿ ಓಡ್ತಿದೆ, ಆ ಒಂದು ಕೋರ್ ಬೆನ್ನು ಬಾಗಿ ದುಡೀತಿದೆ, ಉಳಿದವು ಮಾವಿನ ಮರದ ಕೆಳಗೆ ಕೂತಿವೆ. ಇಲ್ಲಿ ಬೇಕಾದದ್ದು ಹೊಸ ಲ್ಯಾಪ್‌ಟಾಪ್ ಅಲ್ಲ, ಕೋಡ್ ಸ್ವಲ್ಪ ತಿದ್ದೋದು.

ಮೆಮೊರಿಯದ್ದು ಇನ್ನೂ ತಮಾಷೆ. ಲಿನಕ್ಸ್ ಹಾಕಿಕೊಂಡ ಹೊಸದರಲ್ಲಿ ‘ಫ್ರೀ’ ಕಮಾಂಡ್ ಕೊಟ್ಟು, 8 ಜಿಬಿಯಲ್ಲಿ 300 ಎಂಬಿ ಮಾತ್ರ ಫ್ರೀ ಅಂತ ನೋಡಿ ಎದೆ ಒಡ್ಕೊಳ್ಳೋರು ಬಹಳ. ಲಿನಕ್ಸ್ ಖಾಲಿ ಇರುವ ರ್ಯಾಮನ್ನ ಸುಮ್ಮನೆ ಬಿಡಲ್ಲ, ಡಿಸ್ಕ್‌ನಿಂದ ಓದಿದ್ದನ್ನ ಅಲ್ಲಿ ಇಟ್ಟುಕೊಂಡಿರುತ್ತದೆ. ಬೇರೆ ಪ್ರೋಗ್ರಾಂ ಕೇಳಿದರೆ ಬಿಟ್ಟುಕೊಡುತ್ತದೆ. ಮದುವೆ ಮನೆಯಲ್ಲಿ ಖಾಲಿ ಕುರ್ಚಿ ಮೇಲೆ ಬ್ಯಾಗ್ ಇಟ್ಟಿರ್ತಾರಲ್ಲ, ಯಾರಾದರೂ ಬಂದರೆ ಎತ್ತಿಕೊಳ್ತಾರೆ, ಹಾಗೆ. ನೋಡಬೇಕಾದದ್ದು ‘ಫ್ರೀ’ ಅಲ್ಲ, ‘ಅವೈಲಬಲ್’. ಈ ಗೊಂದಲ ಎಷ್ಟಿತ್ತು ಅಂದರೆ 2014ರಲ್ಲಿ ಕರ್ನಲ್ 3.14ಕ್ಕೆ ‘ಅವೈಲಬಲ್’ ಲೆಕ್ಕವನ್ನ ಪ್ರತ್ಯೇಕ ಸಾಲಾಗಿಯೇ ಸೇರಿಸಿದರು. ಇನ್ನು ಸಿಪಿಯು-ಜೆಡ್ ತೆಗೆದು “3200ರ ರ್ಯಾಮ್ ಅಂದಿದ್ದರು, 1600 ತೋರಿಸ್ತಿದೆ, ಟೋಪಿ ಹಾಕಿದ್ರು” ಅಂತ ಜಗಳಕ್ಕೆ ಹೊರಡೋರಿಗೆ ಒಂದು ಮಾತು. ಡಿಡಿಆರ್ ಅಂದರೆ ಡಬಲ್ ಡೇಟಾ ರೇಟ್. ಗಡಿಯಾರ ಒಂದು ಸಲ ಬಡಿದರೆ ಎರಡು ಸಲ ಡೇಟಾ ಹೋಗುತ್ತದೆ. 1600 ಎರಡರಷ್ಟು 3200. ಅಂಗಡಿಯವರು ಸರಿಯಾಗೇ ಕೊಟ್ಟಿದ್ದಾರೆ.

ನಾವಷ್ಟೇ ಅಲ್ಲ, ದೊಡ್ಡವರಿಗೂ ಈ ಗೊಂದಲ ತಪ್ಪಿದ್ದಲ್ಲ. ಲಿನಕ್ಸ್‌ನ ಲೋಡ್ ಆವರೇಜ್ ಅಂದರೆ ಪ್ರೊಸೆಸರ್‌ಗಾಗಿ ಕಾಯ್ತಿರುವವರ ಸಂಖ್ಯೆ ಅಂತಲೇ ಬಹಳ ಜನ ತಿಳಿದಿದ್ದರು. ಆದರೆ ಅದರಲ್ಲಿ ಡಿಸ್ಕ್‌ಗಾಗಿ ಕಾಯ್ತಾ ಮಧ್ಯೆ ಎಬ್ಬಿಸೋಕೆ ಆಗದ ಹಾಗೆ ಮಲಗಿರುವ ಪ್ರೊಸೆಸ್‌ಗಳೂ ಸೇರಿರುತ್ತವೆ. ಯಾಕೆ ಹೀಗೆ ಅಂತ 2017ರಲ್ಲಿ ಬ್ರೆಂಡನ್ ಗ್ರೆಗ್ ಎಂಬ ಎಂಜಿನಿಯರ್ ಹಳೇ ಇಮೇಲ್‌ಗಳನ್ನ ಜಾಲಾಡಿ, 1993ರ ಒಂದು ಪ್ಯಾಚ್‌ವರೆಗೆ ಹೋಗಿ ಹುಡುಕಿದರು. ಒಂದು ಅಂಕಿಯ ಅರ್ಥ ಹುಡುಕೋಕೆ ಇಪ್ಪತ್ತನಾಲ್ಕು ವರ್ಷ ಹಿಂದಕ್ಕೆ ಹೋದ ಮನುಷ್ಯ. ಇದೇ ಗ್ರೆಗ್ 2008ರಲ್ಲಿ ಡೇಟಾ ಸೆಂಟರ್‌ನಲ್ಲಿ ಹಾರ್ಡ್ ಡಿಸ್ಕ್‌ಗಳ ಮುಂದೆ ನಿಂತು ಗಂಟಲು ಹರಿಯುವ ಹಾಗೆ ಕಿರುಚಿದ ವಿಡಿಯೋ ನೀವು ನೋಡಿರಬಹುದು. ಕಿರುಚಿದ ಕೂಡಲೇ ಮಾನಿಟರಿಂಗ್ ಗ್ರಾಫ್‌ನಲ್ಲಿ ಡಿಸ್ಕ್ ತಡವರಿಸಿದ್ದು ಕಾಣುತ್ತದೆ. ಕಂಪನ ತಟ್ಟಿದರೆ ಓದುವ ಹೆಡ್ ಹಳಿ ತಪ್ಪುತ್ತದೆ, ಮತ್ತೆ ಓದಬೇಕಾಗುತ್ತದೆ. ಆ ಗ್ರಾಫ್ ಇಲ್ಲದಿದ್ದರೆ ‘ಡಿಸ್ಕ್‌ಗೆ ಕಿವಿ ಇದೆ’ ಅಂತ ಯಾರು ನಂಬ್ತಿದ್ದರು?

ಡಿಸ್ಕ್ ಆರೋಗ್ಯದ ವಿಷಯದಲ್ಲೂ ಅರ್ಧ ಜ್ಞಾನ ಅಪಾಯ. ಡಿಸ್ಕ್‌ಗಳ ಒಳಗೆ ಸ್ಮಾರ್ಟ್ ಅನ್ನೋ ವ್ಯವಸ್ಥೆ ಇದೆ, ಕೆಟ್ಟ ಸೆಕ್ಟರ್ ಎಷ್ಟು, ಬದಲಿ ಕೊಟ್ಟದ್ದು ಎಷ್ಟು ಅಂತ ತಾನೇ ಲೆಕ್ಕ ಇಟ್ಟುಕೊಳ್ಳುತ್ತದೆ. 2007ರಲ್ಲಿ ಗೂಗಲ್‌ನವರು ಲಕ್ಷಕ್ಕೂ ಹೆಚ್ಚು ಹಾರ್ಡ್ ಡಿಸ್ಕ್‌ಗಳ ಮೇಲೆ ಮಾಡಿದ ಅಧ್ಯಯನ ಪ್ರಕಟಿಸಿದರು. ಮೊದಲ ಸ್ಕ್ಯಾನ್ ಎರರ್ ಕಂಡ ಡಿಸ್ಕ್, ಕಾಣದ ಡಿಸ್ಕ್‌ಗಿಂತ ಮುಂದಿನ 60 ದಿನದಲ್ಲಿ ಕೆಡುವ ಸಾಧ್ಯತೆ 39 ಪಟ್ಟು ಹೆಚ್ಚು. ಅಂದರೆ ಹಳದಿ ಬಣ್ಣ ಕಂಡ ದಿನವೇ ಬ್ಯಾಕಪ್ ತಗೋಬೇಕು. ಆದರೆ ಅದೇ ಅಧ್ಯಯನದಲ್ಲಿ, ಸತ್ತ ಡಿಸ್ಕ್‌ಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು, ತಾಪಮಾನ ಒಂದನ್ನ ಬಿಟ್ಟರೆ, ಯಾವ ಸೂಚನೆಯನ್ನೂ ಕೊಡದೇ ಸತ್ತಿದ್ದವು. ಹಾಗಾಗಿ ನೀಲಿಯಲ್ಲಿ ‘ಗುಡ್’ ಅಂತ ಬರೆದಿದ್ದರೂ ಬ್ಯಾಕಪ್ ಬೇಕು. ಪ್ರಾಜೆಕ್ಟ್ ಸಬ್‌ಮಿಷನ್ ಹಿಂದಿನ ರಾತ್ರಿ ಡಿಸ್ಕ್ ಕಣ್ಣು ಮುಚ್ಚಿದರೆ ಕೈಗೆ ಬಂದ ತುತ್ತು ಬಾಯಿಗೆ ಬರಲ್ಲ.

ಅರ್ಧ ಸೆಕೆಂಡ್

ಇಷ್ಟೆಲ್ಲಾ ನೋಡ್ತಾ ಕೂತರೆ ಏನು ಸಿಗುತ್ತೆ ಅಂತ ಕೇಳುವವರಿಗೆ 2024ರ ಮಾರ್ಚ್ ತಿಂಗಳ ಕಥೆ ಹೇಳಬೇಕು. ಆಂಡ್ರೆಸ್ ಫ್ರಾಯಿಂಡ್ ಅಂತ ಒಬ್ಬರು, ಪೋಸ್ಟ್‌ಗ್ರೆಸ್ ಡೇಟಾಬೇಸ್ ಮೇಲೆ ಕೆಲಸ ಮಾಡುವ ಎಂಜಿನಿಯರ್. ತಮ್ಮ ಕೋಡಿನ ವೇಗ ಅಳೆಯುವಾಗ ಎಸ್‌ಎಸ್‌ಎಚ್ ಲಾಗಿನ್‌ಗಳು ಯಾಕೋ ಹೆಚ್ಚು ಪ್ರೊಸೆಸರ್ ತಿನ್ನುತ್ತಿರೋದು ಅವರ ಕಣ್ಣಿಗೆ ಬಿತ್ತು. ಮುಂಚೆ 0.3 ಸೆಕೆಂಡ್ ಆಗುತ್ತಿದ್ದದ್ದು ಈಗ 0.8 ಸೆಕೆಂಡ್. ಅರ್ಧ ಸೆಕೆಂಡ್ ವ್ಯತ್ಯಾಸ. ನಾವಾಗಿದ್ದರೆ “ನೆಟ್ ಸ್ಲೋ ಇರ್ಬೇಕು ಬಿಡು ಗುರು” ಅಂತಿದ್ದೆವು.

ಅವರು ಬಿಡಲಿಲ್ಲ. ಜಾಡು ಹಿಡಿದು ಹೋದಾಗ ಎಕ್ಸ್‌ಜೆಡ್ ಅನ್ನೋ ಕಂಪ್ರೆಷನ್ ಲೈಬ್ರರಿಯ ಹೊಸ ಆವೃತ್ತಿಯಲ್ಲಿ ಯಾರೋ ಬೇಕಂತಲೇ ಸೇರಿಸಿದ್ದ ಕಳ್ಳಬಾಗಿಲು ಸಿಕ್ಕಿತು. ಮಾರ್ಚ್ 29ರಂದು ಅದನ್ನ ಜಗತ್ತಿಗೆ ತಿಳಿಸಿದರು. ಆಗಿನ್ನೂ ಅದು ದೊಡ್ಡ ಲಿನಕ್ಸ್ ಡಿಸ್ಟ್ರಿಬ್ಯೂಷನ್‌ಗಳ ಪರೀಕ್ಷಾ ಆವೃತ್ತಿಗಳಿಗೆ ಮಾತ್ರ ತಲುಪಿತ್ತು. ಸ್ಟೇಬಲ್ ಆವೃತ್ತಿಗಳಿಗೆ ಹೋಗಿದ್ದರೆ ಪ್ರಪಂಚದ ಎಷ್ಟೋ ಸರ್ವರ್‌ಗಳ ಬಾಗಿಲು ಒಬ್ಬರ ಕೈಗೆ ಸಿಗುತ್ತಿತ್ತು. ಅದನ್ನ ಹಿಡಿದದ್ದು ಆಂಟಿವೈರಸ್ ಅಲ್ಲ. ತನ್ನ ಮಷಿನ್ ಮಾಮೂಲಾಗಿ ಹೇಗಿರುತ್ತದೆ ಅಂತ ಗೊತ್ತಿದ್ದ ಒಬ್ಬ ಮನುಷ್ಯ.

ಅದಕ್ಕೂ ಮುಂಚೆ, 2005ರಲ್ಲಿ, ಸಿಸ್‌ಇಂಟರ್ನಲ್ಸ್ ಟೂಲ್‌ಗಳ ಮಾರ್ಕ್ ರುಸ್ಸಿನೋವಿಚ್ ತಮ್ಮದೇ ಕಂಪ್ಯೂಟರ್‌ನಲ್ಲಿ ಒಂದು ಟೂಲ್ ಪರೀಕ್ಷಿಸ್ತಿದ್ದಾಗ ಬಚ್ಚಿಟ್ಟ ಫೈಲ್‌ಗಳು ಕಂಡವು. ಬೆನ್ನಟ್ಟಿ ಹೋದರೆ ಅವು ಸೋನಿ ಬಿಎಂಜಿ ಕಂಪನಿಯ ಹಾಡಿನ ಸಿಡಿಯಿಂದ ಬಂದಿದ್ದವು, ಕಾಪಿ ತಡೆಯೋಕೆ ಅಂತ ಗ್ರಾಹಕರ ಕಂಪ್ಯೂಟರ್ ಒಳಗೆ ರೂಟ್‌ಕಿಟ್ ಇಳಿಸಿದ್ದರು. ವಿಷಯ ಹೊರಬಿದ್ದ ಮೇಲೆ ಕಂಪನಿ ಆ ಸಿಡಿಗಳನ್ನ ವಾಪಸ್ ತಗೋಬೇಕಾಯಿತು.

ಎರಡೂ ಕಥೆಗಳಿಂದ ನಾವು ಕಲಿತದ್ದು ಒಂದೇ. ಮಾಮೂಲು ಗೊತ್ತಿದ್ದರೆ ಮಾತ್ರ ಮಾಮೂಲಲ್ಲದ್ದು ಗೊತ್ತಾಗುತ್ತದೆ. ಹಸು ಸಾಕುವವರು ಅದು ಚೆನ್ನಾಗಿರುವ ದಿನವೂ ಅದರ ಮೂಗು, ಕಿವಿ ಮುಟ್ಟಿ ನೋಡ್ತಾರೆ. ಕೆಟ್ಟ ದಿನ ಬಂದಾಗ ಬೇಗ ಗೊತ್ತಾಗೋದು ಅದಕ್ಕೇ.

ಇದಕ್ಕೂ ಎರಡು ಮಾತು ಇದೆ

ನಮ್ಮ ವಾದಕ್ಕೆ ಎದುರು ಮಾತು ಇಲ್ಲ ಅಂತಲ್ಲ. ಮೊದಲನೆಯದು, ಈ ಟೂಲ್‌ಗಳೇ ಅಪಾಯ ಆಗಬಹುದು. ಸೆನ್ಸರ್ ಓದೋಕೆ ಕರ್ನಲ್ ಮಟ್ಟದ ಅಧಿಕಾರ ಬೇಕು, ಅಂದರೆ ಮನೆಯ ಎಲ್ಲಾ ಬೀಗದ ಕೈ ಕೊಟ್ಟ ಹಾಗೆ. ವಿನ್‌ರಿಂಗ್0 ಅನ್ನೋ ಹಳೇ ಓಪನ್ ಸೋರ್ಸ್ ಡ್ರೈವರ್ ಅನ್ನು ಫ್ಯಾನ್ ಕಂಟ್ರೋಲ್, ಹಾರ್ಡ್‌ವೇರ್ ಮಾನಿಟರಿಂಗ್ ಮಾಡುವ ಹಲವು ಆ್ಯಪ್‌ಗಳು ಬಳಸ್ತಿದ್ದವು. ಅದರಲ್ಲಿ ಭದ್ರತೆಯ ತೂತು ಇರೋದು 2020ರಿಂದಲೇ ದಾಖಲಾಗಿತ್ತು. 2025ರ ಮಾರ್ಚ್‌ನಲ್ಲಿ ವಿಂಡೋಸ್ ಡಿಫೆಂಡರ್ ಅದನ್ನ ಅಪಾಯ ಅಂತ ಹಿಡಿಯೋಕೆ ಶುರು ಮಾಡಿದಾಗ ಎಷ್ಟೋ ಜನರ ಫ್ಯಾನ್ ಆ್ಯಪ್‌ಗಳು ರಾತ್ರೋರಾತ್ರಿ ನಿಂತವು. 2021ರಲ್ಲಿ ಎಂಎಸ್‌ಐ ಆಫ್ಟರ್‌ಬರ್ನರ್ ಹೆಸರಲ್ಲಿ ನಕಲಿ ತಾಣ ಮಾಡಿ ವೈರಸ್ ಹಂಚಿದ್ದರ ಬಗ್ಗೆ ಆ ಕಂಪನಿಯೇ ಎಚ್ಚರಿಕೆ ಕೊಟ್ಟಿತ್ತು. ಆದ್ದರಿಂದ ಟೆಲಿಗ್ರಾಂ ಗ್ರೂಪ್‌ನಲ್ಲಿ ಬಂದ ಕ್ರ್ಯಾಕ್ ಫೈಲ್ ಬೇಡ. ಟೂಲ್ ಮಾಡಿದವರ ಅಸಲಿ ತಾಣದಿಂದಲೇ ಇಳಿಸಿ. ಮೊದಲು ಸಿಸ್ಟಮ್ ಜೊತೆಗೇ ಬಂದ ಟಾಸ್ಕ್ ಮ್ಯಾನೇಜರ್, ರಿಸೋರ್ಸ್ ಮಾನಿಟರ್, ಟಾಪ್ ಇವನ್ನ ಪೂರ್ತಿ ಬಳಸಿ. ನೂರಕ್ಕೆ ಎಂಬತ್ತು ಪ್ರಶ್ನೆಗಳಿಗೆ ಅಷ್ಟೇ ಸಾಕು ಅನ್ನೋದು ನಮ್ಮ ಅನಿಸಿಕೆ. ‘ಒಂದೇ ಕ್ಲಿಕ್‌ಗೆ ಸ್ಪೀಡ್ ಡಬಲ್’ ಅನ್ನೋ ಬೂಸ್ಟರ್ ಆ್ಯಪ್‌ಗಳಿಗಂತೂ ದೂರದಿಂದಲೇ ಕೈ ಮುಗಿಯಿರಿ.

ಎರಡನೆಯದು, ಚಟ. ಗೇಮ್ ಆಡುವಾಗ ಮೂಲೆಯಲ್ಲಿ ಎಫ್‌ಪಿಎಸ್, ಡಿಗ್ರಿ, ವ್ಯಾಟ್ ಎಲ್ಲ ಇಟ್ಟುಕೊಂಡು ಗೇಮ್ ಬಿಟ್ಟು ಅಂಕಿಯನ್ನೇ ನೋಡುವವರು ನಮ್ಮಲ್ಲಿದ್ದಾರೆ. 78 ಡಿಗ್ರಿ ಕಂಡರೆ ರಾತ್ರಿ ನಿದ್ದೆ ಇಲ್ಲ. ಅದೂ ಬೇಡ. ಪ್ರಶ್ನೆ ಇದ್ದಾಗ ನೋಡಿ, ಉತ್ತರ ಸಿಕ್ಕ ಮೇಲೆ ಮುಚ್ಚಿ. ತಿಂಗಳಿಗೊಮ್ಮೆ ಹತ್ತು ನಿಮಿಷ ಮಾಮೂಲು ಎಷ್ಟು ಅಂತ ನೋಡಿ ಬರೆದಿಡಿ. ಅದಕ್ಕಿಂತ ಹೆಚ್ಚು ಮಷಿನ್ ಕೂಡ ಕೇಳಲ್ಲ.

ನಮ್ಮ ಕೇಳಿಕೆ

ಲ್ಯಾಬ್‌ಗಳಲ್ಲಿ ದೂರಿನ ರಿಜಿಸ್ಟರ್ ಅಂತ ಒಂದು ಇರುತ್ತದೆ. ಅದನ್ನ ತಿರುವಿ ಹಾಕಿದರೆ ಪುಟಗಟ್ಟಲೆ ಒಂದೇ ಸಾಲು: ‘ಸಿಸ್ಟಮ್ ನಂ. 14 ಸ್ಲೋ’, ‘ಸಿಸ್ಟಮ್ ನಂ. 22 ಸ್ಲೋ’. ಇನ್‌ಸ್ಟ್ರಕ್ಟರ್ ಬರ್ತಾರೆ, ರೀಸ್ಟಾರ್ಟ್ ಮಾಡ್ತಾರೆ, ‘ಸರಿಪಡಿಸಲಾಗಿದೆ’ ಅಂತ ಬರೀತಾರೆ. ಅವರನ್ನ ಬೈದು ಏನು ಪ್ರಯೋಜನ? ಸ್ಲೋ ಅನ್ನೋ ದೂರಿಗೆ ರೀಸ್ಟಾರ್ಟ್ ಅನ್ನೋದೇ ಸರಿಯಾದ ಉತ್ತರ. ಅದೇ ಜಾಗದಲ್ಲಿ ‘ಸಿಸ್ಟಮ್ ನಂ. 14, ಏನೂ ತೆರೆಯದಿದ್ದರೂ ಡಿಸ್ಕ್ ಆಕ್ಟಿವ್ ಟೈಮ್ ಹತ್ತು ನಿಮಿಷದಿಂದ 100, ಸ್ಮಾರ್ಟ್‌ನಲ್ಲಿ ಪೆಂಡಿಂಗ್ ಸೆಕ್ಟರ್ 48’ ಅಂತ ಬರೆದು ನೋಡಿ. ಅದನ್ನ ರೀಸ್ಟಾರ್ಟ್ ಮಾಡಿ ಮುಚ್ಚಿಹಾಕೋಕೆ ಆಗಲ್ಲ. ಅದನ್ನ ಹಿಡಿದುಕೊಂಡು ಎಚ್‌ಒಡಿ ಹತ್ತಿರ ಹೋಗಬಹುದು, ಎಚ್‌ಒಡಿ ಅದನ್ನೇ ಹಿಡಿದು ಆಫೀಸಿನಲ್ಲಿ ಹೊಸ ಎಸ್‌ಎಸ್‌ಡಿ ಕೇಳಬಹುದು. ಅಂಕಿ ಇರುವ ದೂರಿಗೆ ಕಾಲು ಇರುತ್ತದೆ, ಅದು ನಡೆದುಕೊಂಡು ಹೋಗಿ ಕೆಲಸ ಮಾಡಿಸಿಕೊಂಡು ಬರುತ್ತದೆ.

ಅದಕ್ಕೆ ನಮ್ಮ ಕೇಳಿಕೆ ಮೂರು. ಒಂದು, ಮೊದಲ ಸೆಮಿಸ್ಟರ್‌ನ ಪ್ರೋಗ್ರಾಮಿಂಗ್ ಲ್ಯಾಬ್‌ನ ಮೊದಲ ದಿನ ‘ಹಲೋ ವರ್ಲ್ಡ್’ಗೂ ಮುಂಚೆ ಎರಡು ಗಂಟೆ ಇದಕ್ಕೆ ಕೊಡಿ. ನಾಲ್ಕು ಮೀಟರ್ ಸಾಕು: ಪ್ರೊಸೆಸರ್, ಮೆಮೊರಿ, ಡಿಸ್ಕ್, ಬಿಸಿ. ಎರಡು, ದೂರಿನ ರಿಜಿಸ್ಟರ್‌ನಲ್ಲಿ ‘ರೀಡಿಂಗ್’ ಅಂತ ಒಂದು ಕಾಲಂ ಎಳೆಯಿರಿ. ಸ್ಕೇಲ್ ಪೆನ್ಸಿಲ್ ಇದ್ದರೆ ಸಾಕು, ಬಜೆಟ್ ಬೇಡ. ಮೂರು, ಇದು ನಮಗೇ. ಕನ್ನಡ ಬಳಗದಿಂದ ಒಂದು ಶನಿವಾರ ಎಲ್ಲ ಬ್ರಾಂಚ್‌ನ ಜೂನಿಯರ್‌ಗಳನ್ನೂ ಕೂರಿಸಿಕೊಂಡು ಕನ್ನಡದಲ್ಲೇ ಇದನ್ನ ತೋರಿಸೋಣ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೂ ಥ್ರಾಟ್ಲಿಂಗ್ ಅಂದಾಗ ಅರ್ಥವಾಗದ್ದು “ಬಿಸಿ ತಡೀಲಾರದೆ ನಿಧಾನ ಮಾಡ್ಕೊಳ್ತಿದೆ” ಅಂದಾಗ ಸಟ್ಟಂತ ಅರ್ಥವಾಗಿದೆ. ಹಳ್ಳಿಯ ಕನ್ನಡ ಮೀಡಿಯಂನಿಂದ ಬಂದು ಮೊದಲ ಬೆಂಚಿನಲ್ಲಿ ಸುಮ್ಮನೆ ಕೂರುವ ಜೂನಿಯರ್‌ಗೆ ಅದು ಇನ್ನೂ ಬೇಗ ಅರ್ಥವಾಗುತ್ತದೆ.

ನಾಳೆ ನಾವು ಕಟ್ಟಬೇಕಾದದ್ದು ಬರೀ ಲ್ಯಾಪ್‌ಟಾಪ್ ಆ್ಯಪ್‌ಗಳನ್ನಲ್ಲ. ಮೆಕ್ಯಾನಿಕಲ್‌ನವರ ಬಾಯ್ಲರ್‌ಗೂ ಮೀಟರ್ ಇದೆ, ಸಿವಿಲ್‌ನವರ ಸೇತುವೆಗೂ ಸೆನ್ಸರ್ ಇದೆ, ಎಲೆಕ್ಟ್ರಿಕಲ್‌ನವರ ಟ್ರಾನ್ಸ್‌ಫಾರ್ಮರ್‌ಗೂ ತಾಪಮಾನ ಇದೆ. ಅಲ್ಲೆಲ್ಲ “ಯಾಕೋ ಸರಿ ಇಲ್ಲ ಸಾರ್” ಅಂದರೆ ನಡೆಯಲ್ಲ. ಎಷ್ಟು, ಯಾವಾಗಿಂದ, ಮಾಮೂಲು ಎಷ್ಟಿತ್ತು ಅಂತ ಕೇಳ್ತಾರೆ. ಅದನ್ನ ಅಭ್ಯಾಸ ಮಾಡೋಕೆ ಕೋಟಿ ರೂಪಾಯಿಯ ಲ್ಯಾಬ್ ಬೇಡ, ತೊಡೆ ಮೇಲೆ ಇರುವ ಮಷಿನ್ನೇ ಸಾಕು.

ಈ ಲೇಖನ ಓದಿ ಮುಗಿಸಿದ ಮೇಲೆ ಒಂದು ಕೆಲಸ ಮಾಡಿ. ಟಾಸ್ಕ್ ಮ್ಯಾನೇಜರ್ ತೆಗೆದು, ಪರ್ಫಾರ್ಮೆನ್ಸ್ ಟ್ಯಾಬ್‌ಗೆ ಹೋಗಿ, ಏನೂ ಮಾಡದೆ ಐದು ನಿಮಿಷ ನೋಡಿ. ಆ ಅಂಕಿಗಳನ್ನ ಡೈರಿಯ ಕೊನೇ ಪುಟದಲ್ಲಿ ಬರೆದಿಡಿ. ಮುಂದಿನ ಸಲ ಯಾರಾದರೂ “ಮಗಾ, ಸ್ಲೋ ಆಗಿದೆ” ಅಂದರೆ ಸಲಹೆ ಕೊಡೋಕೆ ಹೋಗಬೇಡಿ. “ಎಷ್ಟು?” ಅಂತ ಕೇಳಿ.